ಏಳು ಡಬ್ಬಿ ಪೈಪ್ ತಂಬಾಕು, ಒಂದು ಸೇಬಿನ ಹೋಳು

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಹೈಸ್ಕೂಲ್ ಮಾಸ್ತರ. ವಯಸ್ಸು 67. ವಾರದಲ್ಲಿ ಎರಡು ಮೂರು ಸಂಜೆ ಪೈಪ್ ಸೇದುವ ಅಭ್ಯಾಸವಿದೆ. ಇಂಗ್ಲೆಂಡಿನಲ್ಲಿದ್ದ ನನ್ನ ಷಡ್ಡಕ ಊರಿಗೆ ಬಂದಾಗಲೆಲ್ಲ ಒಂದೆರಡು ಡಬ್ಬಿ ತಂಬಾಕು ತಂದುಕೊಡುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಈಗ ಉಳಿದಿರುವುದು ಏಳು ಡಬ್ಬಿ, ಒಂದೊಂದು 50 ಗ್ರಾಮಿನದು. ಬೇಗ ಮುಗಿಸಲು ಮನಸ್ಸಿಲ್ಲ. ಅದರಲ್ಲಿ ನಾಲ್ಕು ವರ್ಜೀನಿಯಾ ಜಾತಿಯ ತಂಬಾಕಿನ ಗುಂಡು ಡಬ್ಬಿಗಳು, ಇನ್ನೂ ತೆರೆದಿಲ್ಲ. ಒಂದರ ಮುಚ್ಚಳ ಉಬ್ಬಿದೆ. ಲಟಾಕಿಯಾ ಎಂಬ ಹೊಗೆ ವಾಸನೆಯ ಸೊಪ್ಪು ಬೆರೆತ ಚಪ್ಪಟೆ ಡಬ್ಬಿ ಒಂದು, ಅದನ್ನೂ ತೆರೆದಿಲ್ಲ, ಅಂಚಿಗೆ ತುಕ್ಕು ಹಿಡಿದಿದೆ. ವೆನಿಲಾ ಪರಿಮಳದ್ದೊಂದನ್ನು ತೆರೆದು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದೆ, ಒಣಗಿ ಕಣಿಕಿಯಂತಾಗಿದೆ. ಏಳನೆಯದು ಇನ್ನೊಂದು ವರ್ಜೀನಿಯಾ. ಅದನ್ನು ಉಪ್ಪಿನಕಾಯಿ ಭರಣಿಗೆ ಹಾಕಿ, ಗೆಳೆಯರೊಬ್ಬರ ಮಾತು ಕೇಳಿ ಒಂದು ಸೇಬಿನ ಹೋಳು ಇಟ್ಟಿದ್ದೆ. ಹತ್ತು ದಿನ ಬಿಟ್ಟು ನೋಡಿದರೆ ಬಿಳಿ ಪುಡಿ. ಹಳೆಯ ತಂಬಾಕಿಗೆ ಇದು ಬರುವುದೇ, ಒಳ್ಳೆಯ ಲಕ್ಷಣ ಎನ್ನುತ್ತಾರೆ ಅವರು. ನಿಜವೇ? ಫ್ರಿಜ್‌ನಲ್ಲಿ ಇಡಬಹುದೇ? ಮಳೆಗಾಲದ ನಾಲ್ಕು ತಿಂಗಳು ನಾವು ಬೆಳಗಾವಿಯ ಮಗಳ ಮನೆಯಲ್ಲಿರುತ್ತೇವೆ. ಆ ತಂಪಿಗೆ ಒಯ್ದರೆ ಕೆಡುವುದಿಲ್ಲವೇ? ನಿಪ್ಪಾಣಿ ತಂಬಾಕನ್ನು ಸ್ವಲ್ಪ ಬೆರೆಸಿ ಉಳಿದದ್ದನ್ನು ಹಿಗ್ಗಿಸಬಹುದೇ? ಹಳೆಯದಾದಷ್ಟೂ ನಿಕೋಟಿನ್ ಕಡಿಮೆ ಆಗುತ್ತದೆ ಎನ್ನುವುದು ಖರೆಯೇ? ಷಡ್ಡಕರ ಮಗ ಡಿಸೆಂಬರ್‌ನಲ್ಲಿ ಬರುವಾಗ ಹತ್ತು ಡಬ್ಬಿ ತರಲೇ ಎಂದು ಕೇಳಿದ್ದಾನೆ.

ಉತ್ತರ: ಮಾಸ್ತರರೇ, ಮೊದಲು ಆ ಭರಣಿಯ ವಿಷಯ ಮುಗಿಸೋಣ. ಇಂದೇ ಅದನ್ನು ಅಂಗಳಕ್ಕೆ ತನ್ನಿ. ಒಳಗೆ ಮೂಗಿಟ್ಟು ಮೂಸಬೇಡಿ. ಒಂದು ಚಿಟಿಕೆ ತಂಬಾಕನ್ನು ಬಿಳಿ ಕಾಗದದ ಮೇಲೆ ಹಾಕಿ, ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನೀವು ಮಾಸ್ತರರು, ಮನೆಯಲ್ಲಿ ಒಂದು ಇದ್ದೇ ಇರುತ್ತದೆ. ಬಿಳಿಯದು ಎಲೆಯ ಮೈಗೆ ಚಪ್ಪಟೆಯಾಗಿ ಅಂಟಿಕೊಂಡು, ಉಪ್ಪಿನ ಹರಳಿನಂತೆ ಮಿಣಮಿಣ ಹೊಳೆದರೆ ಸಂತೋಷ. ಎಲೆಯಿಂದ ಮೇಲಕ್ಕೆದ್ದು ಹತ್ತಿಯ ಎಳೆಯಂತೆ ನಿಂತಿದ್ದರೆ, ಒಂದು ಚೂರಿನಿಂದ ಇನ್ನೊಂದಕ್ಕೆ ಜೇಡರ ಬಲೆಯಂತೆ ಹಬ್ಬಿದ್ದರೆ, ಅದು ಬೂಷ್ಟು. ವಾಸನೆಯೂ ಗುಟ್ಟು ಬಿಟ್ಟುಕೊಡುತ್ತದೆ. ನೆನೆದ ಗೋಣಿಚೀಲವನ್ನು ಮಡಚಿ ಮೂಲೆಗೆ ಒಗೆದರೆ ನಾಲ್ಕು ದಿನಕ್ಕೆ ಬರುವ ವಾಸನೆ ಗೊತ್ತಲ್ಲ, ಅದೇ.

ನಿಮ್ಮ ಗೆಳೆಯರು ಪೂರ್ತಿ ಸುಳ್ಳು ಹೇಳಿಲ್ಲ. ಸಕ್ಕರೆ ಅಂಶ ಜಾಸ್ತಿ ಇರುವ ವರ್ಜೀನಿಯಾ ವರ್ಷಗಟ್ಟಲೆ ಮುಚ್ಚಿದ ಡಬ್ಬಿಯಲ್ಲಿ ಕೂತಾಗ ಮೈಮೇಲೆ ಸಣ್ಣ ಹರಳು ಕಾಣುವುದುಂಟು. ಆದರೆ ಅದು ವರ್ಷಗಳ ಕೆಲಸ. ಹತ್ತು ದಿನದಲ್ಲಿ, ಅದೂ ಸೇಬಿನ ಹೋಳಿನ ಪಕ್ಕದಲ್ಲಿ ಹುಟ್ಟಿದ್ದು ಬೂಷ್ಟು ಅಂತ ನಾನು ನೋಡದೆಯೇ ಬರೆದುಕೊಡುತ್ತೇನೆ. ಇಷ್ಟು ವರ್ಷದಲ್ಲಿ 'ಇದು ಹರಳು' ಅಂತ ಸಂಭ್ರಮದಿಂದ ನನಗೆ ತಂದು ತೋರಿಸಿದ್ದರಲ್ಲಿ ಹೆಚ್ಚಿನವು ಬೂಷ್ಟೇ ಆಗಿದ್ದವು.

ಬೂಷ್ಟು ಅಂತ ಖಾತ್ರಿಯಾದರೆ ಪೂರ್ತಿ ಎಸೆಯಿರಿ. ಮೇಲಿನದ್ದನ್ನು ತೆಗೆದು ಕೆಳಗಿನದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಣ್ಣಿಗೆ ಕಾಣುವುದು ತುದಿ ಮಾತ್ರ, ಬೇರಿನಂಥ ಎಳೆಗಳು ಒಳಗೆಲ್ಲ ಓಡಾಡಿರುತ್ತವೆ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗುತ್ತದೆ, ಅದು ಬಿಟ್ಟುಹೋದ ವಿಷ ಒಣಗುವುದಿಲ್ಲ. ರೊಟ್ಟಿಗೆ ಬೂಷ್ಟು ಬಂದರೆ ಎಸೆಯುತ್ತೇವೆ. ಇದನ್ನು ಶ್ವಾಸದ ಜೊತೆ ಒಳಗೆ ಎಳೆಯುವವರು ನೀವು. ಷಡ್ಡಕರು ತಂದದ್ದು ಎಂಬ ಸಂಕಟ ನನಗೆ ತಿಳಿಯುತ್ತದೆ. ಆದರೂ ಎಸೆಯಿರಿ.

ಸೇಬು ಯಾಕೆ ಕೈಕೊಟ್ಟಿತು? ಒಣಗಿದ ತಂಬಾಕಿಗೆ ಸೇಬು, ಆಲೂಗಡ್ಡೆ, ಕಿತ್ತಳೆ ಸಿಪ್ಪೆ ಇಡುವುದು ಹಳೆಯ ಕಾಲದ ಉಪಾಯ. ಹೋಳಿನಲ್ಲಿರುವ ನೀರು ತಂಬಾಕಿಗೆ ಹೋಗುತ್ತದೆ, ಅದು ಸರಿಯೇ. ಜೊತೆಗೆ ಹಣ್ಣಿನ ಸಿಪ್ಪೆಯ ಮೇಲೆ ಇರುವ ಬೂಷ್ಟಿನ ಬೀಜವೂ ಹೋಗುತ್ತದೆ. ತೇವ, ಸಕ್ಕರೆ, ಕತ್ತಲೆ, ವಿಜಯಪುರದ ಬಿಸಿ, ಇಷ್ಟನ್ನೂ ಒಂದೇ ಭರಣಿಯಲ್ಲಿ ಜೋಡಿಸಿಕೊಟ್ಟರೆ ಬೂಷ್ಟಿಗೆ ಇನ್ನೇನು ಬೇಕು?

ಇಷ್ಟು ಗಟ್ಟಿಯಾಗಿ ಮಾತಾಡಲು ಕಾರಣ ಹೇಳುತ್ತೇನೆ. ನಾನು ನಿಪ್ಪಾಣಿಯ ತಂಬಾಕು ವಖಾರದಲ್ಲಿ 31 ವರ್ಷ ಎಲೆ ನೋಡಿದವನು. ನಮ್ಮದು ಬೀಡಿ ತಂಬಾಕು, ನಿಮ್ಮ ಡಬ್ಬಿಯಲ್ಲಿರುವುದು ಬೇರೆ ಜಾತಿ. ಆದರೆ ಎಲೆ ಎಲೆಯೇ. ಅದಕ್ಕೆ ಬೇಕಾದದ್ದು ಒಂದೇ, ಹದ. ವಖಾರದಲ್ಲಿ ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು ಅದು. ಹದ ತಪ್ಪಿ ಒಣಗಿದ ಎಲೆ ಕೈಯಲ್ಲಿ ಪುಡಿಯಾಗುತ್ತದೆ. ಅದಕ್ಕೇ ರೈತರು ಹೊಲದಲ್ಲಿ ಒಣಗಿದ ಸೊಪ್ಪನ್ನು ನಸುಕಿನಲ್ಲಿ, ಇಬ್ಬನಿ ಬಿದ್ದು ಮೆತ್ತಗಾದಾಗಲೇ ಎತ್ತುತ್ತಾರೆ. ಹದ ಮೀರಿ ಒದ್ದೆಯಾದದ್ದು ಥಪ್ಪಿಯಲ್ಲಿ, ಅಂದರೆ ಮೂಟೆಗಳ ರಾಶಿಯಲ್ಲಿ, ಕೂತು ಕಾಯುತ್ತದೆ. ಕಾಯುವುದು ಅಂದರೆ ಬೆಂಕಿಯಿಲ್ಲದೆ ಬಿಸಿಯಾಗುವುದು. ನಮ್ಮಲ್ಲೊಬ್ಬ ಮುದುಕ ಹಮಾಲ ಇದ್ದ. ಕಬ್ಬಿಣದ ಸರಳೊಂದನ್ನು ಥಪ್ಪಿಯ ಹೊಟ್ಟೆಗೆ ಚುಚ್ಚಿಟ್ಟು, ಚಹಾ ಕುಡಿದು ಬಂದು, ಎಳೆದು ಅಂಗೈಯಲ್ಲಿ ಹಿಡಿಯುತ್ತಿದ್ದ. ಸರಳು ಬೆಚ್ಚಗಿದ್ದರೆ ಸುಮ್ಮನೆ ಹೋಗುತ್ತಿದ್ದ. ಹಿಡಿಯಲಾರದಷ್ಟು ಬಿಸಿ ಇದ್ದರೆ ಒಂದು ಬೈಗುಳ, ಆಮೇಲೆ ಇಡೀ ಥಪ್ಪಿ ಬಿಚ್ಚಿ ಮಗುಚಿ ಹಾಕುವ ಕೆಲಸ. ಒಂದು ಮಳೆಗಾಲ, ಹೊಸದರಲ್ಲಿ, ಎಲೆ ಒಣಗಿದೆ ಅಂತ ನಾನೇ ನೀರು ಚಿಮುಕಿಸಿ ಥಪ್ಪಿ ಹಚ್ಚಿಸಿದ್ದೆ. ಹದಿನೈದು ದಿನಕ್ಕೆ ನಡುವಿನ ಮೂಟೆಗಳು ಗೊಬ್ಬರದ ಹಾಗೆ ಕಪ್ಪಾಗಿದ್ದವು. ಆ ಬೈಗುಳ ಇನ್ನೂ ನೆನಪಿದೆ.

ಈಗ 'ಹಳೆಯದಾಗಿಸುವುದು' ಎಂಬ ದೊಡ್ಡ ಮಾತಿಗೆ ಬರೋಣ. ಇದನ್ನು ಯಾರೂ ಮಾಡುವುದಲ್ಲ, ಅದು ತಾನೇ ಆಗುವುದು. ಒಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ನಿಧಾನಕ್ಕೆ ಒಂದರ ಜೊತೆ ಒಂದು ಬೆರೆಯುತ್ತವೆ. ರೊಟ್ಟಿ ಕೆಂಪಗಾಗುವಾಗ ನಡೆಯುವ ಕ್ರಿಯೆಯೇ ಇದು. ರೊಟ್ಟಿಗೆ ಎರಡು ನಿಮಿಷ ಸಾಕು, ಇದಕ್ಕೆ ವರ್ಷಗಳು ಬೇಕು. ಅಮೋನಿಯದ ಘಾಟು ಇಳಿಯುತ್ತದೆ. ಎಲೆಯಲ್ಲೇ ಉಳಿದ ಕಿಣ್ವಗಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಡಬ್ಬಿಯ ಗಾಳಿಯಲ್ಲಿರುವ ಆಮ್ಲಜನಕ ಮುಗಿಯುವವರೆಗೆ ಚುರುಕಾಗಿ ಕೆಲಸ ಮಾಡುತ್ತವೆ. ಆಮೇಲೆ ವೇಗ ತಗ್ಗುತ್ತದೆ. ಹಳದಿ ಎಲೆ ಕಂದಾಗುತ್ತದೆ, ಕಂದು ಕಪ್ಪಿಗೆ ತಿರುಗುತ್ತದೆ. ನಾಲಿಗೆ ಕಚ್ಚುವ ಗುಣ ಕಡಿಮೆಯಾಗಿ, ಒಣದ್ರಾಕ್ಷಿ, ಅಂಜೂರದಂಥ ವಾಸನೆ ಬರುತ್ತದೆ. ಪ್ರತಿ ಸಲ ನೀವು ಮುಚ್ಚಳ ತೆಗೆದು 'ಎಲ್ಲಿಗೆ ಬಂತು' ಅಂತ ನೋಡಿದಾಗ ಹೊಸ ಗಾಳಿ ಒಳಗೆ, ಹಳೆಯ ಪರಿಮಳ ಹೊರಗೆ. ಅನ್ನ ಬೇಯುವಾಗ ಮುಚ್ಚಳ ತೆಗೆಯುತ್ತಾ ಕೂತಂತೆ.

ಎಲ್ಲ ತಂಬಾಕೂ ಹೀಗೆ ಸುಧಾರಿಸುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ವರ್ಜೀನಿಯಾದಲ್ಲಿ ಸಕ್ಕರೆ ಇದೆ, ಹಾಗಾಗಿ ವರ್ಷಗಟ್ಟಲೆ ಇಡುವುದಕ್ಕೆ ಅರ್ಥವಿದೆ. ಲಟಾಕಿಯಾ ಸಿರಿಯಾದ ಒಂದು ಬಂದರು ಊರಿನ ಹೆಸರು. ಆ ಹೆಸರಿನ ಸೊಪ್ಪು ಕಟ್ಟಿಗೆ ಹೊಗೆಯಲ್ಲಿ ಪಳಗಿದ್ದು. ಅದರ ಜೀವ ಇರುವುದೇ ಆ ಹೊಗೆಯ ವಾಸನೆಯಲ್ಲಿ, ಅದು ವರ್ಷ ಕಳೆದಂತೆ ಮಂಕಾಗುತ್ತದೆ. ಕೆಲವರಿಗೆ ಆ ಮಂಕೇ ಇಷ್ಟ, ನನಗಲ್ಲ. ಇನ್ನು ವೆನಿಲಾ, ಚೆರ್ರಿ ತರಹದವು. ಅವುಗಳ ಪರಿಮಳ ಮೇಲಿನಿಂದ ಸಿಂಪಡಿಸಿದ್ದು, ಹಾರಿಹೋಗುವ ಜಾತಿ. ಹಳೆಯದಾದಷ್ಟೂ ಅವು ಬಡವಾಗುತ್ತವೆ.

ಹಾಗಾಗಿ ನಿಮ್ಮ ಏಳರಲ್ಲಿ ಕಾಪಿಡಲು ಯೋಗ್ಯವಾದದ್ದು ನಾಲ್ಕು ಗುಂಡು ಡಬ್ಬಿ ಮಾತ್ರ. ಅದರಲ್ಲೂ ಉಬ್ಬಿದ್ದನ್ನು ಬಿಟ್ಟು ಮೂರು.

ಉಬ್ಬಿದ ಡಬ್ಬಿ ನೋಡಿ ಗಾಬರಿ ಬೇಡ. ಈ ಗುಂಡು ಡಬ್ಬಿಗಳನ್ನು ಒಳಗಿನ ಗಾಳಿ ಎಳೆದು ಮುಚ್ಚಿರುತ್ತಾರೆ. ಮುಚ್ಚಳದ ನಡು ಒಳಕ್ಕೆ ತಗ್ಗಿ, ಬೆರಳಿಂದ ಒತ್ತಿದರೆ 'ಟಕ್' ಅನ್ನದೆ ಗಟ್ಟಿಯಾಗಿದ್ದರೆ ಬಿಗಿ ಇದೆ ಅಂತ ಅರ್ಥ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತಗ್ಗಿನ ಊರಲ್ಲಿ ಮುಚ್ಚಿದ್ದು ಎತ್ತರಕ್ಕೆ ಬಂದಾಗ ಒಂಚೂರು ಸಡಿಲಾಗುವುದುಂಟು. ಆದರೆ ಅದೇ ಕಾರಣವಾಗಿದ್ದರೆ ನಾಲ್ಕೂ ಉಬ್ಬಬೇಕಿತ್ತು, ಅಲ್ವಾ? ಒಂದೇ ಉಬ್ಬಿದೆ. ಅಂದರೆ ಅದರೊಳಗೆ ಅನಿಲ ಹುಟ್ಟಿದೆ, ಇಲ್ಲವೇ ಬಿಗಿ ಹೋಗಿದೆ. ಒಳಗೆ ಸ್ವಲ್ಪ ತೇವ ಜಾಸ್ತಿ ಇದ್ದು ಏಪ್ರಿಲ್, ಮೇ ಬಿಸಿ ತಗುಲಿದರೆ ಹೀಗಾಗುತ್ತದೆ. ಅದನ್ನು ಕಾಪಿಡಬೇಡಿ, ಮೊದಲು ಅದನ್ನೇ ತೆರೆಯಿರಿ. ಮುಖದಿಂದ ದೂರ ಹಿಡಿದು ಅಂಚಿಗೆ ಒಂದು ನಾಣ್ಯ ಹಾಕಿ ತಿರುಗಿಸಿದರೆ ಗಾಳಿ 'ಪುಸ್' ಅಂದು ಹೋಗುತ್ತದೆ. ಮೊದಲ ಕ್ಷಣ ವಿನೆಗರ್ ಅಥವಾ ಘಾಟು ವಾಸನೆ ಬಂದರೆ ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಬಿಡಿ. ಆಮೇಲೂ ಹುಳಿ ಕೊಳೆತ ವಾಸನೆ ಉಳಿದರೆ ಎಸೆಯಿರಿ. ಹಣ್ಣಿನ ವಾಸನೆ ಬಂದರೆ ನಿಮ್ಮ ಅದೃಷ್ಟ.

ತುಕ್ಕು ಹಿಡಿದ ಲಟಾಕಿಯಾ ಡಬ್ಬಿಯನ್ನೂ ಈ ವಾರವೇ ತೆರೆಯಿರಿ. ಚಪ್ಪಟೆ ಡಬ್ಬಿಗಳ ಬಿಗಿ ಗುಂಡು ಡಬ್ಬಿಗಳಷ್ಟು ಗಟ್ಟಿಯಲ್ಲ, ಮೂಲೆಗಳೇ ಅದರ ದೌರ್ಬಲ್ಯ. ಹೊರಗೆ ಕಾಣುವ ತುಕ್ಕು ಒಳಗೂ ಇದ್ದರೆ ಸೂಜಿಮೊನೆಯಷ್ಟು ತೂತು ಸಾಕು, ಒಂದೇ ಬೇಸಿಗೆಯಲ್ಲಿ ಎಲೆ ಒಣಗುತ್ತದೆ. ತುಕ್ಕು ತಾಗಿದ ಚೂರುಗಳನ್ನು ತೆಗೆದು ಉಳಿದದ್ದನ್ನು ಗಾಜಿನ ಬಾಟಲಿಗೆ ಹಾಕಿ. ಲಟಾಕಿಯಾಕ್ಕೆ ಒಂದು ಬಾಟಲಿ, ಅದಕ್ಕೆ ಅದೇ. ಅದರ ಹೊಗೆ ವಾಸನೆ ಮುಚ್ಚಳಕ್ಕೆ ಹತ್ತಿದರೆ ಮತ್ತೆ ಹೋಗುವುದಿಲ್ಲ.

ಬಾಟಲಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಕೆಲಸ ಅದರದ್ದೇ. ಉಪ್ಪಿನಕಾಯಿ ಭರಣಿ ನೋಡಲು ಚಂದ, ಆದರೆ ಅದರ ಮುಚ್ಚಳ ಸುಮ್ನೆ ಕೂತಿರುತ್ತದೆ, ಬಿಗಿಯುವುದಿಲ್ಲ. ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು ಮತ್ತು ಎಣ್ಣೆ, ಭರಣಿಯಲ್ಲ. ಪ್ಲಾಸ್ಟಿಕ್ ಚೀಲದಿಂದ ಪರಿಮಳವೂ ತೇವವೂ ನಿಧಾನಕ್ಕೆ ಸೋರುತ್ತವೆ, ನಿಮ್ಮ ವೆನಿಲಾ ಕಣಿಕಿಯಾದದ್ದು ಹಾಗೆ. ಸಿಗಾರ್ ಇಡುವ ಮರದ ಪೆಟ್ಟಿಗೆಯನ್ನು ಯಾರಾದರೂ ಉಡುಗೊರೆ ಕೊಟ್ಟರೆ ಅದರಲ್ಲಿ ಪೆನ್ನು ಇಟ್ಟುಕೊಳ್ಳಿ. ಆ ಮರ ತಂಬಾಕಿನ ತೇವ ಕುಡಿದು ತನ್ನ ವಾಸನೆ ಕೊಡುತ್ತದೆ.

ಬೇಕಾದದ್ದು ಗಾಜಿನ ಬಾಟಲಿ, ಬಿಗಿಯಾಗಿ ತಿರುಗಿಸುವ ಮುಚ್ಚಳದ್ದು ಅಥವಾ ರಬ್ಬರ್ ಉಂಗುರ ಹಾಕಿ ತಂತಿಯಿಂದ ಒತ್ತುವಂಥದ್ದು. ಸಣ್ಣದು, 50 ಗ್ರಾಂ ಹಿಡಿಯುವಷ್ಟು. ದೊಡ್ಡ ಬಾಟಲಿಯಲ್ಲಿ ಎಲ್ಲ ತುಂಬಿದರೆ ಪ್ರತಿ ಸಂಜೆ ಎಲ್ಲಕ್ಕೂ ಗಾಳಿ ತಾಗುತ್ತದೆ. ಕಾಫಿ ಪುಡಿಯ, ಜ್ಯಾಮಿನ ಹಳೆಯ ಬಾಟಲಿಯೂ ಆಗುತ್ತದೆ, ಆದರೆ ಒಂದು ಪರೀಕ್ಷೆ ಮಾಡಿ. ಚೆನ್ನಾಗಿ ತೊಳೆದು, ಕುದಿವ ನೀರಲ್ಲಿ ಅದ್ದಿ ತೆಗೆದು, ಇಡೀ ದಿನ ಬಿಸಿಲಿಗೆ ಒಣಗಿಸಿ, ಖಾಲಿಯಾಗಿಯೇ ಮುಚ್ಚಿ ಎರಡು ದಿನ ಇಡಿ. ಮೂರನೆಯ ದಿನ ತೆರೆದು ಮೂಸಿ. ಗಾಜು ಮರೆಯುತ್ತದೆ, ಮುಚ್ಚಳ ಮರೆಯುವುದಿಲ್ಲ. ಕಾಫಿ ನೆನಪಾದರೆ ಆ ಮುಚ್ಚಳ ಬೇಡ.

ತುಂಬುವ ಮುನ್ನ ಹದ ನೋಡಿ. ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿ. ಮೆಲ್ಲಗೆ ಅರಳಿ ಬಿಡಿಯಾದರೆ ಸರಿ. ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ, ಸ್ವಲ್ಪ ಹೊತ್ತು ಹರಡಿ. ಚುರುಚುರು ಅಂದರೆ ಒಣಗಿದೆ. ಅಂಕಿಯಲ್ಲಿ ಹೇಳಬೇಕೆಂದರೆ 12ರಿಂದ 15 ಶೇಕಡಾ ತೇವ. ಬಾಟಲಿ ಸೋರುತ್ತಿದೆಯೋ ಇಲ್ಲವೋ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಮಿನವರೆಗೆ ತೋರಿಸುವಂಥದ್ದು. ತುಂಬಿದ ದಿನ ಬಾಟಲಿಸಮೇತ ತೂಗಿ, ಚೀಟಿಯ ಮೇಲೆ ತೂಕ ಬರೆದು ಅಂಟಿಸಿ. ತಿಂಗಳಿಗೊಮ್ಮೆ ತೆರೆಯದೆಯೇ ತೂಗಿ. 15 ಶೇಕಡಾ ತೇವದ 50 ಗ್ರಾಂ ತಂಬಾಕಿನಲ್ಲಿ ನೀರಿರುವುದು ಏಳೂವರೆ ಗ್ರಾಂ ಮಾತ್ರ. ಅದರಲ್ಲಿ ಎರಡು ಗ್ರಾಂ ಹೋದರೆ ನಿಮ್ಮ ಹದ 12ರ ಕೆಳಗೆ ಇಳಿಯಿತು. ಮುಚ್ಚಳ ಬದಲಿಸಿ.

ಫ್ರಿಜ್ ಬೇಡ. ಅಲ್ಲಿಂದ ತೆಗೆದು ವಿಜಯಪುರದ ಗಾಳಿಗೆ ಇಟ್ಟ ತಕ್ಷಣ ಬಾಟಲಿಯ ಒಳಮೈ ಬೆವರುತ್ತದೆ, ಆ ಹನಿ ಬಿದ್ದಲ್ಲಿ ಬೂಷ್ಟು. ಮೇಲಾಗಿ ಬೆಳ್ಳುಳ್ಳಿ ಚಟ್ನಿಯ ಪಕ್ಕದಲ್ಲಿ ವರ್ಜೀನಿಯಾ, ಯಾರಿಗೆ ಬೇಕು?

ಫ್ರೀಜರ್ ಒಂದೇ ಒಂದು ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆ, ಹುಳ ಬಿದ್ದಾಗ. ಇದು ನನ್ನ ಮನೆಯದೇ ಕಥೆ. ವರ್ಷಕ್ಕಾಗುವಷ್ಟು ಅರಿಶಿಣ ಕೊಂಬನ್ನು ಸಾಂಗ್ಲಿಯಿಂದ ತರಿಸಿ ಅಟ್ಟದ ಮೇಲೆ ಇಟ್ಟಿದ್ದೆವು. ಪಕ್ಕದಲ್ಲೇ, ಮುಚ್ಚಳ ಸಡಿಲಿದ್ದ ನನ್ನ ಡಬ್ಬಿ. ದೀಪಾವಳಿಗೆ ಅಟ್ಟ ಸ್ವಚ್ಛ ಮಾಡಲು ಹತ್ತಿದರೆ ಅರಿಶಿಣದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ತಂಬಾಕಿನ ಹಾಳೆಯಲ್ಲೂ ಅದೇ ಅಳತೆಯ ತೂತು, ಬಾಚಣಿಗೆಯ ಹಲ್ಲಿನಷ್ಟು ಸಾಲಾಗಿ. ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಹುಳ, ಮುಟ್ಟಿದರೆ ತಲೆ ಬಗ್ಗಿಸಿ ಸತ್ತಂತೆ ಬೀಳುತ್ತದೆ. ವಖಾರದಲ್ಲಿ 31 ವರ್ಷ ನಾನು ಬೈದ ಹುಳವೇ ಅದು. ಅದರ ಹೆಸರಲ್ಲಿ ತಂಬಾಕು ಇದೆ ನಿಜ, ಆದರೆ ಅರಿಶಿಣ, ಮೆಣಸಿನಕಾಯಿ, ಕೊತ್ತಂಬರಿ ಬೀಜ ಯಾವುದೂ ಅದಕ್ಕೆ ವರ್ಜ್ಯವಲ್ಲ. 30 ಡಿಗ್ರಿ ಆಸುಪಾಸಿನ ಬಿಸಿ ಅದಕ್ಕೆ ತುಂಬಾ ಪ್ರೀತಿ. ಹಾಗಾಗಿ ತಂಬಾಕನ್ನು ಮಸಾಲೆ ಡಬ್ಬಿಗಳಿಂದ ದೂರ ಇಡಿ. ತೂತು ಕಂಡರೆ ಅದನ್ನು ಎಸೆದು, ಅದರ ಜೊತೆ ಇದ್ದ ಉಳಿದವನ್ನು ಎರಡು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಆಮೇಲೆ ಒಂದು ದಿನ ಫ್ರಿಜ್‌ನ ಕೆಳಗಿನ ಭಾಗದಲ್ಲಿ, ಆಮೇಲೆ ಹೊರಗೆ. ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ.

ಈಗ ಬೆಳಗಾವಿಯೋ ವಿಜಯಪುರವೋ ಎಂಬ ಪ್ರಶ್ನೆ. ಬೆಳಗಾವಿಯ ಮಳೆ ನೋಡಿ ನೀವು ಹೆದರಿದ್ದೀರಿ, ಸಹಜ. ಜುಲೈ ತಿಂಗಳಲ್ಲಿ ಅಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಆದರೆ ನನ್ನ ಲೆಕ್ಕ ನಿಮ್ಮದಕ್ಕೆ ಉಲ್ಟಾ. ಬಿಗಿಯಾದ ಗಾಜಿನೊಳಗೆ ಹೊರಗಿನ ಮಳೆ ಬರುವುದಿಲ್ಲ. ಬಿಸಿ ಬರುತ್ತದೆ. ಬಿಸಿಗೆ ಯಾವ ಮುಚ್ಚಳವೂ ಅಡ್ಡ ಅಲ್ಲ. ವಿಜಯಪುರದ ಮೇ ತಿಂಗಳಲ್ಲಿ, ಹೊರಗೆ 40 ಡಿಗ್ರಿ ಇರುವಾಗ, ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಅಟ್ಟದಲ್ಲಿ ಕೈ ಇಟ್ಟು ನೋಡಿ. ಅಲ್ಲಿಟ್ಟ ತಂಬಾಕು ಹಳೆಯದಾಗುವುದಿಲ್ಲ, ಬೇಯುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದ ಊರು, ಬೇಸಿಗೆಯ ರಾತ್ರಿಯೂ ಅಲ್ಲಿ ತಣ್ಣಗಿರುತ್ತದೆ. ಆದ್ದರಿಂದ ಕಾಪಿಡುವ ಮೂರು ಡಬ್ಬಿಗಳನ್ನು ವರ್ಷವಿಡೀ ಮಗಳ ಮನೆಯಲ್ಲೇ ಬಿಡಿ. ಅಲ್ಲಿ ಹೆದರಬೇಕಾದದ್ದು ಡಬ್ಬಿಗೆ ಹಿಡಿಯುವ ತುಕ್ಕಿಗೆ ಮಾತ್ರ. ಮೂರನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತವಲ್ಲ, ಆ ಸಿಲಿಕಾ ಚೀಲಗಳನ್ನು ನಾಲ್ಕೈದು ಹಾಕಿ. ಡಬ್ಬಿಗಳ ಹೊರಗೆ. ತಂಬಾಕಿನ ಜೊತೆ ಎಂದೂ ಬೇಡ. ಮೊಮ್ಮಕ್ಕಳಿದ್ದರೆ ಬೀಗ ಹಾಕುವ ಕಪಾಟು. ಸಣ್ಣ ಮಗು ಒಂದು ಚಿಟಿಕೆ ನುಂಗಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ.

ವಿಜಯಪುರಕ್ಕೆ ಒಂದು ಸಲಕ್ಕೆ ಒಂದೇ ಬಾಟಲಿ. ಅದನ್ನು ಕೆಳಮನೆಯಲ್ಲಿ, ಒಳಗಿನ ಕೋಣೆಯಲ್ಲಿ, ನೆಲಕ್ಕೆ ಹತ್ತಿರ ಇಡಿ. ಕಲ್ಲುಗೋಡೆಯ ಹಳೆಯ ಮನೆಯಾದರೆ ಗೋಡೆಗೂಡು ಸೊಗಸಾದ ಜಾಗ. ನಮ್ಮ ಹಿರಿಯರು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಇಟ್ಟು ಬಾಯಿ ಮುಚ್ಚುತ್ತಿದ್ದರಲ್ಲ, ಅದೇ ಬುದ್ಧಿ. ತಂಪು, ಕತ್ತಲೆ, ಗಾಳಿ ಆಡಬಾರದು. ಹಗೇವು ತೆಗೆದ ತಕ್ಷಣ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಅಂತ ಬಿಡುತ್ತಿದ್ದರು. ಹಳೆಯ ಡಬ್ಬಿ ತೆರೆದಾಗ ಅರ್ಧ ಗಂಟೆ ಬಿಡಿ ಅಂದೆನಲ್ಲ, ಅದು ಈ ಹಗೇವಿನ ಮರಿ ಅಂದುಕೊಳ್ಳಿ.

ಒಣಗಿದ ವೆನಿಲಾಕ್ಕೆ ಹೀಗೆ ಮಾಡಿ. ಸ್ಟೀಲ್ ಪಾತ್ರೆಯಲ್ಲಿ ತೆಳ್ಳಗೆ ಹರಡಿ. ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ. ಬಟ್ಟೆ ಎಲೆಗೆ ತಾಗಬಾರದು. ಗಂಟೆಗೊಮ್ಮೆ ಕೈಯಾಡಿಸಿ ಚಿಟಿಕೆ ಪರೀಕ್ಷೆ ಮಾಡಿ. ಎರಡು ಮೂರು ಗಂಟೆಯಲ್ಲಿ ಹದಕ್ಕೆ ಬರುತ್ತದೆ, ರಾತ್ರಿಯಿಡೀ ಬಿಡಬೇಡಿ. ಸೇದಲು ಬರುತ್ತದೆ, ಆದರೆ ಹಾರಿಹೋದ ವೆನಿಲಾ ವಾಪಸ್ ಬರುವುದಿಲ್ಲ. ರಮ್ ಚಿಮುಕಿಸಿ ಅಂತ ಇನ್ನೊಬ್ಬ ಗೆಳೆಯರು ಹೇಳಬಹುದು. ರಮ್ ಕುಡಿಯುವವರಿಗೆ ಬಿಡಿ.

ನಿಪ್ಪಾಣಿ ತಂಬಾಕು ಬೆರೆಸುವ ಯೋಚನೆ ಕೈಬಿಡಿ. ನನ್ನೂರಿನ ಬೆಳೆಯನ್ನು ನಾನು ಹೀಗಳೆಯುತ್ತಿಲ್ಲ. ಅದು ಹೊಲದ ಬಿಸಿಲಲ್ಲಿ ಒಣಗಿದ, ಖಾರವಾದ ಸೊಪ್ಪು. ಸಕ್ಕರೆ ಕಡಿಮೆ, ನಿಕೋಟಿನ್ ಜಾಸ್ತಿ. ಬೀಡಿಯಲ್ಲಿ ಅದು ಕಾಲು ಗ್ರಾಮಿನಷ್ಟೂ ಇರುವುದಿಲ್ಲ. ಪೈಪಿನ ತಲೆಯಲ್ಲಿ ಅದರ ಎಷ್ಟೋ ಪಟ್ಟು ತುಂಬುತ್ತೀರಿ. ಮೊದಲ ಹತ್ತು ನಿಮಿಷದಲ್ಲೇ ತಲೆ ಸುತ್ತಿ, ಬೆವತು, ವಾಂತಿಯಾಗುತ್ತದೆ. ಪೈಪಿನ ಮರಕ್ಕೂ ಆ ವಾಸನೆ ಹತ್ತಿ ಕೂರುತ್ತದೆ.

ಅಂದಹಾಗೆ, ನಿಮ್ಮ ಊರಿಗೂ ಪೈಪಿಗೂ ನಾಲ್ಕು ನೂರು ವರ್ಷದ ನಂಟಿದೆ. ಅಕ್ಬರನ ದೂತ ಅಸದ್ ಬೇಗ್ ಆದಿಲಶಾಹಿ ದರ್ಬಾರಿಗೆ ಬಂದಾಗ ತಂಬಾಕನ್ನು ಮೊದಲು ಕಂಡದ್ದು ವಿಜಯಪುರದಲ್ಲೇ. ಅವನು ಒಂದಿಷ್ಟು ತಂಬಾಕು ಕೊಂಡು, ರತ್ನ ಕೂರಿಸಿದ ಪೈಪ್ ಮಾಡಿಸಿ ಒಯ್ದು ಅಕ್ಬರನಿಗೆ ಒಪ್ಪಿಸಿದ. ಬಾದಶಹ ಎರಡು ಮೂರು ದಮ್ಮು ಎಳೆದ, ವೈದ್ಯರು ಬೇಡ ಅಂದರು. ಇಲ್ಲಿಂದ ಆಗ್ರಾದವರೆಗೆ ಆ ತಂಬಾಕು ಯಾವ ಹದದಲ್ಲಿ ಹೋಯಿತೋ ಅಂತ ನನಗೆ ಆಗಾಗ ಯೋಚನೆ ಬರುತ್ತದೆ.

ಆ ವೈದ್ಯರು ಹೇಳಿದ್ದಕ್ಕೂ ನಿಮ್ಮ ನಿಕೋಟಿನ್ ಪ್ರಶ್ನೆಗೂ ಸಂಬಂಧವಿದೆ. ಡಬ್ಬಿಯಲ್ಲಿ ಹತ್ತು ವರ್ಷ ಕೂತರೂ ನಿಕೋಟಿನ್ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಇಳಿಯುವುದು ಗಂಟಲಿನ ಘಾಟು. ಘಾಟು ಇಳಿದದ್ದನ್ನು ಜನ ವಿಷ ಇಳಿದದ್ದು ಅಂದುಕೊಳ್ಳುತ್ತಾರೆ. ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳಂತೂ ಬಿಸಿ ಮತ್ತು ತೇವದಲ್ಲಿಟ್ಟ ಎಲೆಯಲ್ಲಿ ಹೆಚ್ಚುವುದುಂಟು. ತಣ್ಣಗೆ ಇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಪೈಪ್ ಹೊಗೆ ನುಂಗುವುದಿಲ್ಲ, ಬಾಯಲ್ಲೇ ಬಿಡುತ್ತೇನೆ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. 58ನೇ ವಯಸ್ಸಿನಲ್ಲಿ ನಾಲಿಗೆಯ ಅಂಚಿಗೆ ಒಂದು ಬಿಳಿ ಕಲೆ ಬಂತು, ಉಜ್ಜಿದರೆ ಹೋಗಲಿಲ್ಲ. ಹಲ್ಲಿನ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕದ ಎಂಟು ದಿನ ನಾನು ಪೈಪ್ ಮುಟ್ಟಲಿಲ್ಲ. ವರದಿ ಒಳ್ಳೆಯದೇ ಬಂತು, ಆಮೇಲೂ ಮುಟ್ಟಲಿಲ್ಲ. ಈಗ ಡಬ್ಬಿ ತೆರೆದು ಮೂಸಿ ಮುಚ್ಚಿಡುತ್ತೇನೆ. ನೀವು ಆರು ತಿಂಗಳಿಗೊಮ್ಮೆ ಬಾಯಿ ತೋರಿಸಿಕೊಳ್ಳಿ, ಅಷ್ಟು ಮಾತ್ರ ನನ್ನ ಒತ್ತಾಯ.

ಹುಡುಗನಿಗೆ ಹತ್ತು ಡಬ್ಬಿ ಬೇಡ ಅನ್ನಿ. ಬ್ಯಾಗೇಜ್ ನಿಯಮದ ಪ್ರಕಾರ ಸುಂಕವಿಲ್ಲದೆ ತರಲು ಬಿಡುವುದು 125 ಗ್ರಾಂ ತಂಬಾಕು. ಅಂದರೆ ಎರಡು ಡಬ್ಬಿ. ಉಳಿದ ಎಂಟಕ್ಕೆ ವಿಮಾನ ನಿಲ್ದಾಣದಲ್ಲಿ ನಿಂತು ಸುಂಕ ಕಟ್ಟಬೇಕಾಗುತ್ತದೆ. ಎರಡೇ ತರುವುದಾದರೆ ವರ್ಜೀನಿಯಾ ತರಲಿ, ಗುಂಡು ಡಬ್ಬಿಯದ್ದು.

ಕೊನೆಗೆ ಆ ಭರಣಿ. ಎಷ್ಟೇ ತೊಳೆದರೂ ಅದನ್ನು ಮತ್ತೆ ಉಪ್ಪಿನಕಾಯಿಗೆ ಬಳಸಬೇಡಿ. ಮಾವಿನಕಾಯಿ ಬರುವ ಮುಂಚೆ ಮನೆಯವರಿಗೆ ಹೊಸದೊಂದು ಕೊಡಿಸಿಬಿಡಿ.